ಸೆಕ್ಟರ್ ನಾಲ್ಕರ ಹಾಯಿದೋಣಿ

ಬಸವರಾಜನನ್ನು ಅಮಾನತಿನಲ್ಲಿಟ್ಟ ಆದೇಶ ಒಂದೇ ಹಾಳೆಯದು. ಅದರಲ್ಲಿ ಮೂರು ಪ್ಯಾರಾಗಳಿದ್ದವು. ಮೊದಲನೆಯದರಲ್ಲಿ ಅವನ ಮೇಲೆ ಇಲಾಖಾ ವಿಚಾರಣೆ ನಡೆಯಲಿದೆ ಎಂದಿತ್ತು. ಎರಡನೆಯದರಲ್ಲಿ ಅಲ್ಲಿಯವರೆಗೆ ಅರ್ಧ ಸಂಬಳ ಎಂದಿತ್ತು. ಮೂರನೆಯದನ್ನು ಅವನು ಆ ದಿನ ಮನಸ್ಸಿಗೆ ಹಚ್ಚಿಕೊಳ್ಳಲೇ ಇಲ್ಲ. ಅಮಾನತಿನ ಅವಧಿಯಲ್ಲಿ ಸದರಿ ನೌಕರನ ಕೇಂದ್ರಸ್ಥಾನ ದೆಹಲಿ, ಪೂರ್ವಾನುಮತಿಯಿಲ್ಲದೆ ಅವನು ಕೇಂದ್ರಸ್ಥಾನ ಬಿಟ್ಟು ಹೋಗತಕ್ಕದ್ದಲ್ಲ ಎಂದು ಅಲ್ಲಿ ಬರೆದಿತ್ತು.

"ಇಪ್ಪತ್ತೆರಡು ವರ್ಷದಿಂದ ಇಲ್ಲೇ ಬಿದ್ದಿದ್ದೀನಿ, ಇನ್ನೆಲ್ಲಿಗೆ ಹೋಗ್ಲಿ?" ಎಂದು ಹೆಂಡತಿ ಸ್ನೇಹಲತಾಳ ಮುಂದೆ ನಗಲು ನೋಡಿದ. ಅದು 2003ರ ಆಗಸ್ಟ್.

ಅವನು ಕೇಂದ್ರ ಸರ್ಕಾರದ ಒಂದು ಇಲಾಖೆಯಲ್ಲಿ ಸೆಕ್ಷನ್ ಆಫೀಸರ್. ಊರು ಹಿರಿಯೂರು, ಪರೀಕ್ಷೆ ಬರೆದು ದೆಹಲಿಗೆ ಬಂದಾಗ ಇಪ್ಪತ್ಮೂರು ವರ್ಷ. ಫೈಲಿನಲ್ಲಿ ಟಿಪ್ಪಣಿ ಬರೆಯುವುದರಲ್ಲಿ ಗಟ್ಟಿಗನೆಂದು ಹೆಸರು. ಅಂಥವನು ಒಂದೇ ಒಂದು ಸಲ ಟಿಪ್ಪಣಿಯಿಲ್ಲದೆ ಕಾಗದ ಕಳಿಸಿದ್ದ. ಮೇಲಧಿಕಾರಿ ಅಶ್ವತ್ಥನಾರಾಯಣ ಇಂಟರ್‌ಕಾಮಿನಲ್ಲಿ, "ಆ ಕಂಪನಿಯ ಪರವಾನಗಿ ನವೀಕರಣದ ಕಾಗದ ಇವತ್ತೇ ಹೋಗ್ಲಿ ಬಸವರಾಜ್, ಫೈಲ್ ಆಮೇಲೆ ಮಾಡೋಣ" ಎಂದಿದ್ದರು. ಅವರೂ ಕನ್ನಡದವರು, ಮೈಸೂರು ಕಡೆಯವರು. ಹದಿನೈದು ವರ್ಷದ ಬಳಕೆ, ಯುಗಾದಿಗೆ ಒಬ್ಬರ ಮನೆಯಲ್ಲಿ ಇನ್ನೊಬ್ಬರ ಊಟ. ಬಸವರಾಜ ಸಹಿ ಹಾಕಿ ಕಳಿಸಿದ. ಆಮೇಲೆ ಯಾರೋ ದೂರು ಕೊಟ್ಟರು. ಫೈಲಿನಲ್ಲಿ ಅನುಮೋದನೆಗೆ ತಡಕಾಡಿದರೆ ಸಿಕ್ಕಿದ್ದು ಬಸವರಾಜನ ಸಹಿಯೊಂದೇ. ತಾವು ಅಂಥ ಸೂಚನೆ ಕೊಟ್ಟ ನೆನಪಿಲ್ಲವೆಂದು ಅಶ್ವತ್ಥನಾರಾಯಣ ಬರೆದುಕೊಟ್ಟರು.

ಮೂರನೆಯ ಪ್ಯಾರಾದ ಅರ್ಥ ಗೊತ್ತಾದದ್ದು ಡಿಸೆಂಬರಿನಲ್ಲಿ. ತಾಯಿಯಿಲ್ಲದ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಅಕ್ಕ ಶಾರದಮ್ಮ. ಒಂದು ಸೋಮವಾರ ಬೆಳಗ್ಗೆ ಹಿರಿಯೂರಿನಿಂದ ಫೋನ್ ಬಂತು. ಸ್ನಾನಕ್ಕೆ ಹೋದವಳು ಬಚ್ಚಲಲ್ಲೇ ಕುಸಿದು ತೀರಿಕೊಂಡಿದ್ದಳು. ಬಸವರಾಜ ಅರ್ಜಿ ಬರೆದುಕೊಂಡು ಆಫೀಸಿಗೆ ಓಡಿದ. ಅನುಮತಿ ಕೊಡಬೇಕಾದ ಅಧಿಕಾರಿ ಪ್ರವಾಸದಲ್ಲಿದ್ದರು. ಅವರ ಕೆಳಗಿನವರು, "ಮೇರೆ ಹಾಥ್ ಮೇ ನಹೀ ಹೈ, ಬಸವರಾಜ್‌ಜೀ" ಎಂದು ಕೈ ಚೆಲ್ಲಿದರು. ಸಂಜೆಯವರೆಗೆ ಅವನು ತನ್ನದೇ ಸೆಕ್ಷನ್ನಿನ ಹೊರಗೆ, ಅರ್ಜಿದಾರರು ಕೂರುವ ಬೆಂಚಿನ ಮೇಲೆ ಕೂತಿದ್ದ. ಒಳಗಿನಿಂದ ಒಬ್ಬರೂ ಹೊರಗೆ ಬರಲಿಲ್ಲ. ಹೇಳದೆ ಕೇಳದೆ ಹೊರಟುಬಿಡಿ ಎಂದು ಸ್ನೇಹಲತಾ ಅಂದಳು. ಅದು ಗೊತ್ತಾದರೆ ಇನ್ನೊಂದು ಆರೋಪ ಸೇರುತ್ತದೆ ಎಂಬ ಹೆದರಿಕೆ ಅವನ ಕಾಲು ಕಟ್ಟಿತು. ಅನುಮತಿ ಪತ್ರ ಹನ್ನೆರಡನೆಯ ದಿನ ಕೈಗೆ ಬಂತು. ಹಿಂದಿನ ದಿನವೇ ಊರಿನಲ್ಲಿ ಶಿವಗಣಾರಾಧನೆ ಮುಗಿದಿತ್ತು. ಅವನು ಹೋಗಲಿಲ್ಲ.

ಅಲ್ಲಿಂದ ಅವನು ಮನೆ ಬಿಟ್ಟು ಹೊರಗೆ ಹೋಗುವುದನ್ನೇ ನಿಲ್ಲಿಸಿದ. ಆರ್.ಕೆ.ಪುರಂ ಸೆಕ್ಟರ್ ನಾಲ್ಕರ ನೆಲಮಹಡಿಯ ಕ್ವಾರ್ಟರ್ಸ್. ಎರಡು ಕೋಣೆ, ಹಿಂದೆ ಆಳೆತ್ತರದ ಗೋಡೆಯ ಅಂಗಳ, ಅಂಗಳದಿಂದ ಹಿಂಗಲ್ಲಿಗೆ ಒಂದು ಕಬ್ಬಿಣದ ಬಾಗಿಲು. ಸುತ್ತಮುತ್ತ ಇದ್ದವರೆಲ್ಲ ಸರ್ಕಾರಿ ನೌಕರರೇ. ಬೆಳಗ್ಗೆ ಎಂಟೂವರೆಗೆ ಚಾರ್ಟರ್ಡ್ ಬಸ್ಸು ಬಂದು ಹಾರ್ನ್ ಹೊಡೆದರೆ ಗಂಡಸರೆಲ್ಲ ಟಿಫಿನ್ ಡಬ್ಬಿ ಹಿಡಿದು ಇಳಿಯುತ್ತಿದ್ದರು. ಆ ಹೊತ್ತಿಗೆ ಬಸವರಾಜ ಮುಂದಿನ ಕೋಣೆಯ ಪರದೆ ಎಳೆದುಬಿಡುತ್ತಿದ್ದ. ಸ್ನೇಹಲತಾ ಅಷ್ಟರಲ್ಲಿ ಪಾಠ ಹೇಳುವ ಶಾಲೆಗೆ ಹೋಗಿರುತ್ತಿದ್ದಳು, ಹನ್ನೊಂದನೆಯ ಕ್ಲಾಸಿನ ಮಗಳು ಪ್ರಜ್ಞಾ ತನ್ನ ಶಾಲೆಗೆ. ಮಧ್ಯಾಹ್ನ ಎರಡೂವರೆಯವರೆಗೆ ಅವನು ಮತ್ತು ಫ್ರಿಜ್ಜಿನ ಸದ್ದು. ಭಾನುವಾರ ಇನ್ನೂ ಕಷ್ಟ. ಮೂವರೂ ಮನೆಯಲ್ಲಿರುತ್ತಿದ್ದರು, ಮೂವರಿಗೂ ಮಾತಿರುತ್ತಿರಲಿಲ್ಲ.

ಅಂಥದೊಂದು ಭಾನುವಾರ ಸ್ನೇಹಲತಾ, "ಎಲ್ಲಾದ್ರೂ ಹೋಗ್ಬನ್ನಿ, ದಮ್ಮಯ್ಯ. ದೆಹಲಿ ಒಳಗೆ ಓಡಾಡಬೇಡ ಅಂತ ಯಾರೂ ಬರೆದಿಲ್ಲ" ಎಂದು ಅವನನ್ನು ಹೊರಗೆ ಅಟ್ಟಿದಳು. ಬಸ್ಸು ಹತ್ತಿ ದರಿಯಾಗಂಜಿನ ಹಳೇ ಪುಸ್ತಕದ ಫುಟ್‌ಪಾತಿಗೆ ಹೋದ. ಒಂದು ಗುಡ್ಡೆಯ ತಳದಲ್ಲಿ ದಪ್ಪ ಕಂದು ಲಕೋಟೆಯೊಂದು ಸಿಕ್ಕಿತು. ಒಳಗೆ ಮಡಚಿದ ಏಳು ದೊಡ್ಡ ನಕ್ಷೆಗಳು, ಜೊತೆಗೊಂದು ಪುಸ್ತಿಕೆ. ಹವ್ಯಾಸಿಗಳು ಪ್ಲೈವುಡ್ಡಿನಲ್ಲಿ ಮನೆಯಲ್ಲೇ ಕಟ್ಟಬಹುದಾದ ಹತ್ತಡಿಯ ಹಾಯಿದೋಣಿಯದು. ಯಾವುದೋ ಕಾಲದಲ್ಲಿ ಯಾರೋ ಇಂಗ್ಲೆಂಡಿನಿಂದ ತರಿಸಿ, ಕಟ್ಟದೇ ಬಿಟ್ಟಿದ್ದರು. ಅಲ್ಲೇ ಅಂಗಡಿಯೊಂದರ ಮೆಟ್ಟಿಲ ಮೇಲೆ ಕೂತು ಬಸವರಾಜ ಓದತೊಡಗಿದ.

ಅವನಿಗೆ ದೋಣಿಯ ಹುಚ್ಚೇನೂ ಇರಲಿಲ್ಲ. ಹಿರಿಯೂರಿನವನು ಎಷ್ಟು ನೀರು ಕಂಡಿರಬೇಕು? ಆದರೆ ಆ ಪುಸ್ತಿಕೆಯಲ್ಲಿ ನೂರಾ ಹನ್ನೆರಡು ಹೆಜ್ಜೆಗಳಿದ್ದವು. ಒಂದೊಂದರಲ್ಲೂ ಯಾವ ಹಲಗೆ, ಯಾವ ಅಳತೆ, ಎಷ್ಟು ಹೊತ್ತು ಕಾಯಬೇಕು ಎಂದು ಬಿಡಿಬಿಡಿಯಾಗಿ ಬರೆದಿತ್ತು. ಯಾರನ್ನೂ ಏನನ್ನೂ ಕೇಳಬೇಕಾಗಿರಲಿಲ್ಲ. ಎಷ್ಟೋ ತಿಂಗಳ ಮೇಲೆ ಅವನು ಎರಡು ಗಂಟೆ ಬೇರೆ ಯೋಚನೆಯಿಲ್ಲದೆ ಓದಿದ್ದ.

"ದೋಣಿ?" ಎಂದಳು ಸ್ನೇಹಲತಾ.

"ಹ್ಞೂಂ."

"ನಿಮಗೆ ಈಜೋಕೆ ಬರಲ್ಲ."

"ಗೊತ್ತು."

"ಎಲ್ಲಿ ಬಿಡ್ತೀರಿ ಅದನ್ನ? ಸರೋಜಿನಿ ನಗರದ ಮೋರೀಲಾ?"

ಪ್ರಜ್ಞಾ ನಕ್ಷೆಯನ್ನೊಮ್ಮೆ ನೋಡಿ, "ಪಪ್ಪಾ, ಆರ್ ಯೂ ಸೀರಿಯಸ್? ಪೂರಾ ಕಾಲೊನಿ ನಮ್ಮನ್ನ ನೋಡಿ ನಗುತ್ತೆ" ಎಂದು ಬಾಗಿಲು ಹಾಕಿಕೊಂಡಳು.

ಏಪ್ರಿಲಿನಲ್ಲಿ ಕೀರ್ತಿ ನಗರದಿಂದ ಪ್ಲೈವುಡ್ ಹಾಳೆಗಳು ಬಂದವು. ಅಂಗಳದ ಬಟ್ಟೆ ಒಣಹಾಕುವ ತಂತಿ ಬಿಚ್ಚಿ, ತುಳಸಿ ಕುಂಡವನ್ನು ಮೂಲೆಗೆ ಸರಿಸಿ, ಬಸವರಾಜ ನೆಲದ ಮೇಲೆ ಹಾಳೆ ಹಾಸಿ ಅಳತೆಯ ಗೆರೆ ಎಳೆದ. ಎಲ್ಲಕ್ಕಿಂತ ಮೊದಲು ಅವನು ಅಳೆದದ್ದು ಹಿಂಬಾಗಿಲನ್ನು. ದೋಣಿಯ ಅಗಲ ನಾಲ್ಕಡಿ, ಬಾಗಿಲು ಎರಡೂವರೆ ಅಡಿ. ಮಗ್ಗುಲಾಗಿಸಿದರೆ ಹೋಗುತ್ತದೆ ಎಂದು ಖಾತ್ರಿಯಾದ ಮೇಲೆಯೇ ಗರಗಸ ಹಿಡಿದ. ಮೇಲಿನ ಬಾಲ್ಕನಿಗಳಲ್ಲಿ ಹೆಂಗಸರು ನಿಂತು ನೋಡುತ್ತಿದ್ದರು. "ಭಾಯಿಸಾಬ್, ನೀರಿನ ಟ್ಯಾಂಕಾ?" ಎಂದು ಒಬ್ಬಾಕೆ ಹಿಂದಿಯಲ್ಲಿ ಕೇಳಿದಳು. ಹೌದೆಂದ.

ಹಲಗೆಗಳನ್ನು ಕತ್ತರಿಸಿ, ಅಂಚಿನುದ್ದಕ್ಕೂ ತೂತು ಕೊರೆದು, ತಾಮ್ರದ ತಂತಿಯಿಂದ ಒಂದಕ್ಕೊಂದು ಹೊಲಿದು, ಸಂದುಗಳಿಗೆ ರಾಳದ ಅಂಟು ಮೆತ್ತುವುದು. ಕಟ್ಟುವ ಕ್ರಮ ಇಷ್ಟೇ. ಓದುವುದಕ್ಕೆ ಸುಲಭ. ಬಸವರಾಜನ ಕೈ ಇಪ್ಪತ್ತೆರಡು ವರ್ಷ ಪೆನ್ನು ಹಿಡಿದದ್ದು. ಮೊದಲ ವಾರವೇ ಹೆಬ್ಬೆರಳಿನ ಉಗುರು ಹೋಯಿತು. ಮೇ ತಿಂಗಳ ನಲವತ್ತನಾಲ್ಕು ಡಿಗ್ರಿಯಲ್ಲಿ ಅಂಗಳ ಕಾವಲಿಯಂತೆ ಕಾಯುತ್ತಿತ್ತು. ಬೆಳಗ್ಗೆ ಐದಕ್ಕೆ ಎದ್ದು ಎಂಟರವರೆಗೆ ಕೆಲಸ, ಆಮೇಲೆ ಸಂಜೆಗೆ ಒಂದು ಗಂಟೆ. ಅಂಟಿನ ಘಾಟು ಅಡಿಗೆಮನೆಗೆ ನುಗ್ಗಿ, ಸಾರಿಗೂ ಅದೇ ವಾಸನೆ ಎಂದು ಸ್ನೇಹಲತಾ ಗೊಣಗುತ್ತಿದ್ದಳು.

ಒಂದು ದಿನ ಎರಡೂ ಪಕ್ಕದ ಹಲಗೆಗಳನ್ನು ಕತ್ತರಿಸಿ, ಅಂಚನ್ನು ಓರೆಯಾಗಿ ಉಜ್ಜಿ, ಎದುರುಬದುರಾಗಿ ನಿಲ್ಲಿಸಿ ನೋಡಿದ. ಎರಡೂ ಎಡಮಗ್ಗುಲಿನವು. ಒಂದನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಉಜ್ಜಬೇಕಾಗಿತ್ತು. ಪುಸ್ತಿಕೆಯ ಮೂವತ್ತೊಂದನೆಯ ಹೆಜ್ಜೆಯಲ್ಲಿ ದಪ್ಪ ಅಕ್ಷರದಲ್ಲಿ ಅದನ್ನು ಹೇಳಿಯೂ ಇತ್ತು. ಹನ್ನೊಂದು ದಿನದ ಕೆಲಸ ವ್ಯರ್ಥ. ಬಸವರಾಜ ಹಲಗೆಗೆ ಆತು ಕುಳಿತ. ಅಕ್ಕ ಸತ್ತ ದಿನ ಬಾರದ ಅಳು ಈಗ ಬಂತು. ಬಾಯಿಗೆ ಟವೆಲು ಒತ್ತಿಕೊಂಡ, ಬಾಲ್ಕನಿಯವರಿಗೆ ಕೇಳಬಾರದೆಂದು.

ನೀರು ಕುಡಿಯಲು ಎದ್ದು ಬಂದ ಪ್ರಜ್ಞಾ ಬಾಗಿಲಲ್ಲಿ ನಿಂತುಬಿಟ್ಟಳು.

"ಪಪ್ಪಾ? ಕ್ಯಾ ಹುವಾ?"

"ತಪ್ಪು ಕತ್ತರಿಸಿದೆ ಕಣೇ."

"ಸೋ? ಇನ್ನೊಂದು ಕಟ್ ಮಾಡಿ. ಇಟ್ಸ್ ಜಸ್ಟ್ ಪ್ಲೈವುಡ್." ಅಂಗಳಕ್ಕಿಳಿದು ಕೇಳಿದಳು: "ಆಫೀಸಿನ ತಪ್ಪೂ ಹೀಗೇ ಆಯ್ತಾ? ಯು ನೆವರ್ ಟೋಲ್ಡ್ ಮೀ. ಮಮ್ಮಿ ಹೇಳ್ತಾರೆ, ಪಪ್ಪಾ ಲೀವ್ ಪರ್ ಹೈ. ನಾನು ಬಚ್ಚೀ ಏನು?"

ಅವತ್ತು ಅವನು ಮಗಳಿಗೆ ಎಲ್ಲವನ್ನೂ ಹೇಳಿದ. ಅವಳು ಕೇಳಿಸಿಕೊಂಡಳು. ಸಮಾಧಾನದ ಮಾತೇನೂ ಆಡಲಿಲ್ಲ. "ಅಂದ್ರೆ ಯಾವಾಗ ಮುಗಿಯುತ್ತೆ ಅಂತ ಯಾರಿಗೂ ಗೊತ್ತಿಲ್ಲ" ಎಂದಷ್ಟೇ ಹೇಳಿ ಒಳಗೆ ಹೋದಳು.

ಮಳೆಗಾಲ ಕಳೆಯುವ ಹೊತ್ತಿಗೆ ತಂತಿಯ ಹೊಲಿಗೆಯಲ್ಲಿ ದೋಣಿಯ ಆಕಾರ ನಿಂತಿತು. ಅದನ್ನು ನೋಡಲು ಬಂದ ಮೊದಲ ಹೊರಗಿನವನು ಸಂಕಪ್ಪ. ಸೆಕ್ಟರಿನ ಮಾರ್ಕೆಟ್ಟಿನಲ್ಲಿ ಇಡ್ಲಿ ದೋಸೆಯ ಪುಟ್ಟ ಹೋಟೆಲು ಅವನದು. ಮಲ್ಪೆ ಕಡೆಯಿಂದ ಹದಿನೆಂಟರ ವಯಸ್ಸಿಗೆ ಬಂದವನು. ಆಫೀಸಿನವರು ಯಾರೂ ಬಾರದ ಹೊತ್ತು ನೋಡಿ ಬಸವರಾಜ ಅಲ್ಲಿ ಕಾಫಿ ಕುಡಿಯುತ್ತಿದ್ದ. ಸಂಕಪ್ಪ ದೋಣಿಯ ಸುತ್ತ ಎರಡು ಸುತ್ತು ಬಂದು, ಅಡಿಯಲ್ಲಿ ಕೈಯಾಡಿಸಿ, ಮುಂಭಾಗದ ಮೊಂಡು ಹಲಗೆ ನೋಡಿ ನಕ್ಕ.

"ಇದಕ್ಕೆ ಮೂತಿಯೇ ಇಲ್ಲ ಅಲ್ಲ ಮಾರಾಯ್ರೆ. ಹಂದಿಗೆ ತಿಂಡಿ ಹಾಕುವ ಮರಿಗೆ ಆಯ್ತು."

"ನಕ್ಷೇಲಿ ಹಾಗೇ ಇದೆ."

"ತೇಲ್ತದೆ, ತೇಲ್ತದೆ. ಅದಲ್ಲ. ನೀವು ಇದರಲ್ಲಿ ಕೂತು ಹೋಗುದೆಲ್ಲಿಗೆ?"

"ಗೊತ್ತಿಲ್ಲ" ಎಂದ ಬಸವರಾಜ.

ಸಂಕಪ್ಪ ಮತ್ತೆ ಕೇಳಲಿಲ್ಲ. ತನ್ನ ಅಣ್ಣ ಕಡಲಿಗೆ ಹೋದವನು ಹಿಂದಿರುಗದ ವರ್ಷವೇ ತಾನು ರೈಲು ಹತ್ತಿದ್ದು, ಆಮೇಲೆ ದೋಣಿಗೆ ಕಾಲಿಟ್ಟಿಲ್ಲ ಎಂದು ಮಾತ್ರ ಹೇಳಿದ. ಆದರೂ ವಾರಕ್ಕೊಮ್ಮೆ ಬರತೊಡಗಿದ. ಹಾಯಿ ಹೊಲಿಸಲು ಸರೋಜಿನಿ ನಗರಕ್ಕೆ ಕರೆದುಕೊಂಡು ಹೋದವನೂ ಅವನೇ. ರಫ್ತಿಗೆಂದು ನೇಯ್ದು ಉಳಿದ ಮಳೆಕೋಟಿನ ಬಟ್ಟೆ, ಕಿತ್ತಳೆ ಮತ್ತು ಕಡುಹಸಿರು. ದರ್ಜಿ ನಕ್ಷೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಭಯ್ಯಾ, ಯೇ ಟೆಂಟ್ ಹೈ ಕ್ಯಾ?" ಎನ್ನುತ್ತಲೇ ಹೊಲಿದುಕೊಟ್ಟ.

ಅಷ್ಟರಲ್ಲಿ ವಿಚಾರಣೆಗೆ ನಾಲ್ಕು ಸಲ ದಿನ ಗೊತ್ತಾಗಿ ನಾಲ್ಕು ಸಲವೂ ಮುಂದಕ್ಕೆ ಹೋಗಿತ್ತು.

ಜನವರಿಯ ಒಂದು ಶನಿವಾರ ಮಧ್ಯಾಹ್ನ ದೋಣಿಯ ಬಾಯಿಯ ಸುತ್ತ ಅಂಚುಪಟ್ಟಿ ಕೂರಿಸುವ ಕೆಲಸ. ಉದ್ದನೆಯ ಮರದ ಪಟ್ಟಿಗೆ ಅಂಟು ಬಳಿದು, ದೋಣಿಯ ಬಾಗಿಗೆ ಸರಿಯಾಗಿ ಬಗ್ಗಿಸಿ, ಕ್ಲಾಂಪುಗಳಲ್ಲಿ ಬಿಗಿದು, ಒಣಗುವವರೆಗೆ ಬಿಡಬೇಕು. ಬಸವರಾಜನ ಹತ್ತಿರ ಎಂಟು ಕಬ್ಬಿಣದ ಕ್ಲಾಂಪುಗಳಿದ್ದವು. ಕೊನೆಯದನ್ನು ಬಿಗಿಯುವಾಗ ಅದರ ತಿರುಪು ಕಿತ್ತುಬಂತು. ಪಟ್ಟಿ ಸೆಟೆದು ಏಳತೊಡಗಿತು. ಎರಡು ಕೈಯಲ್ಲೂ ಅದುಮಿ ಹಿಡಿದಿದ್ದಾಗ ಹಿಂಬಾಗಿಲು ತಳ್ಳಿಕೊಂಡು ಯಾರೋ ಒಳಗೆ ಬಂದರು. ಅಶ್ವತ್ಥನಾರಾಯಣ. ಮುಂಬಾಗಿಲಿನಿಂದ ಬಂದರೆ ಕಾಲೊನಿಯವರ ಕಣ್ಣಿಗೆ ಬೀಳಬೇಕಾಗುತ್ತದೆ ಎಂದು ಹಿಂಗಲ್ಲಿಯಿಂದ ಬಂದಿದ್ದರು.

"ಬಸವರಾಜ್, ಏನ್ರೀ ಇದು..."

"ಸರ್, ಆ ತುದಿ ಹಿಡ್ಕೊಳ್ಳಿ! ಬೇಗ!"

ಹಿಡಿದುಕೊಂಡರು, ಯೋಚನೆ ಮಾಡದೆ.

"ಬಿಡಬೇಡಿ ಸರ್. ಬಿಟ್ರೆ ಎಲ್ಲಾ ಹೋಯ್ತು."

"ಎಷ್ಟು ಹೊತ್ತು?"

"ಚಳಿಗೆ ಅಂಟು ಬೇಗ ಕಚ್ಚಲ್ಲ. ಒಂದು ಗಂಟೆಯಾದ್ರೂ ಬೇಕು."

"ಒಂದು ಗಂಟೆ!"

ಆದರೆ ಬಿಡಲಿಲ್ಲ. ಕೋಟು, ಟೈ, ಪಾಲಿಶ್ ಮಾಡಿದ ಬೂಟು. ಗರಗಸದ ಹೊಟ್ಟಿನ ಮಧ್ಯೆ ಬಗ್ಗಿ ನಿಂತರು. ಇಬ್ಬರ ಭುಜಕ್ಕೆ ಭುಜ ತಾಗುತ್ತಿತ್ತು. ಹದಿನೇಳು ತಿಂಗಳಲ್ಲಿ ಅವರು ಒಬ್ಬರನ್ನೊಬ್ಬರು ನೋಡಿದ್ದು ಅದೇ ಮೊದಲು.

"ನಾನೊಂದು ಮಾತು ಹೇಳೋಕೆ ಬಂದೆ" ಎಂದರು ಅಶ್ವತ್ಥನಾರಾಯಣ. "ವಿಚಾರಣಾಧಿಕಾರಿ ಹತ್ರ ಮಾತಾಡಿದ್ದೀನಿ. ನೀವೊಂದು ಕಾಗದ ಬರೆದುಕೊಡಿ. ಕೆಲಸದ ಒತ್ತಡದಲ್ಲಿ ಅಜಾಗರೂಕತೆಯಿಂದ ಆಯ್ತು, ಯಾರ ಸೂಚನೆಯೂ ಇರಲಿಲ್ಲ ಅಂತ. ಸಣ್ಣ ದಂಡನೇಲಿ ಮುಗಿಯುತ್ತೆ. ಎರಡು ತಿಂಗಳಲ್ಲಿ ನಿಮ್ಮ ಸೀಟಲ್ಲಿ ಕೂತಿರ್ತೀರಿ."

"ಯಾರ ಸೂಚನೆಯೂ ಇರಲಿಲ್ಲ ಅಂತಾನಾ ಸರ್?"

ಅಶ್ವತ್ಥನಾರಾಯಣ ಪಟ್ಟಿಯ ಮೇಲಿನ ಹಿಡಿತ ಸರಿಮಾಡಿಕೊಂಡರು.

"ನಿಮಗೆ ನೆನಪಿದೆ ಅಲ್ವಾ ಸರ್?"

ಮೇಲಿನ ಬಾಲ್ಕನಿಯಲ್ಲಿ ಯಾರೋ ಕಂಬಳಿ ಕೊಡವಿದರು. ಅಶ್ವತ್ಥನಾರಾಯಣ ಕತ್ತೆತ್ತಿ ನೋಡಿ ಮತ್ತೆ ಬಗ್ಗಿಸಿದರು.

"ಇದೆ" ಎಂದರು. "ಮಂಗಳವಾರ. ನೀವು ಊಟಕ್ಕೆ ಹೊರಟಿದ್ರಿ, ಇಂಟರ್‌ಕಾಮಲ್ಲಿ ಹಿಡಿದೆ. ನಂಗೂ ಮೇಲಿನಿಂದ ಹಾಗೇ ಬಾಯಿಮಾತಲ್ಲಿ ಬಂದಿತ್ತು. ಕೇಳಿದಾಗ ಗಾಬರೀಲಿ ನೆನಪಿಲ್ಲ ಅಂತ ಬರೆದುಬಿಟ್ಟೆ. ಈಗ ನೆನಪಾಯ್ತು ಅನ್ನೋಕಾಗುತ್ತೇನ್ರೀ? ಹದಿನಾಲ್ಕು ತಿಂಗಳಿದೆ ನಂಗೆ ರಿಟೈರಾಗೋಕೆ. ದಿನಾ ಬೆಳಗ್ಗೆ ನಿಮ್ಮ ಖಾಲಿ ಕುರ್ಚಿ ದಾಟ್ಕೊಂಡೇ ನನ್ನ ರೂಮಿಗೆ ಹೋಗಬೇಕು. ಅದು ನಂಗೆ ಸುಖಾನಾ?"

ಬಸವರಾಜನಿಗೆ ಅವರ ಕಪಾಳಕ್ಕೆ ಬಾರಿಸಬೇಕೆನಿಸಿತು. ಎಷ್ಟೋ ತಿಂಗಳಿಂದ ಮನಸ್ಸಿನಲ್ಲೇ ಬಾರಿಸಿದ್ದೂ ಉಂಟು. ಈಗ ಮನುಷ್ಯ ಒಂದು ಗೇಣು ದೂರದಲ್ಲಿದ್ದರು, ಕೈಗಳೆರಡೂ ಪಟ್ಟಿಯ ಮೇಲಿದ್ದವು, ಅದನ್ನು ಬಿಡುವ ಹಾಗಿರಲಿಲ್ಲ. ಅವರ ಕಿವಿಯ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಬೆನ್ನು ನೋಯುತ್ತಿದೆ ಎಂಬುದು ಅವರ ಉಸಿರಿನಲ್ಲೇ ತಿಳಿಯುತ್ತಿತ್ತು.

"ನಮ್ಮಕ್ಕ ಸತ್ತಾಗ ಹೋಗೋಕಾಗಲಿಲ್ಲ ಸರ್" ಎಂದ.

"ಗೊತ್ತಾಯ್ತು. ನಾನು ಅವತ್ತು ಆಫೀಸಲ್ಲೇ ಇದ್ದೆ" ಎಂದರು ಅವರು, ಬಹಳ ಮೆಲ್ಲಗೆ.

ಗಂಟೆ ಮೀರಿದ ಮೇಲೆ ಬಸವರಾಜ ಒಂದು ಕೈ ಸಡಿಲಿಸಿ ನೋಡಿದ, ಪಟ್ಟಿ ಕಚ್ಚಿಕೊಂಡಿತ್ತು. ಅಶ್ವತ್ಥನಾರಾಯಣ ಸೊಂಟ ಹಿಡಿದುಕೊಂಡು ನೆಟ್ಟಗಾದರು. ಬೆರಳುಗಳಿಗೆಲ್ಲ ಅಂಟು ಮೆತ್ತಿತ್ತು.

"ಇದು ಹೋಗುತ್ತಾ?"

"ಆರಿದ ಮೇಲೆ ಹೋಗಲ್ಲ. ಒಳಗೆ ವಿನೆಗರ್ ಇದೆ ಬನ್ನಿ" ಎಂದು ಬಸವರಾಜ ತಾನೇ ಬಟ್ಟೆ ನೆನೆಸಿ ಕೊಟ್ಟ.

ಶಾಲೆಯಿಂದ ಬಂದ ಸ್ನೇಹಲತಾಗೆ ವಿಷಯ ಹೇಳಿದಾಗ ಅವಳು ಕೈಚೀಲವನ್ನೂ ಇಳಿಸದೆ ಕೇಳಿದಳು.

"ಬರೆದುಕೊಟ್ಟುಬಿಡಿ."

"ಸುಳ್ಳು ಬರೀಬೇಕಲ್ಲ."

"ನಾನು ಒಂದೂವರೆ ವರ್ಷದಿಂದ ಸುಳ್ಳು ಹೇಳ್ತಿಲ್ವಾ? ಸ್ಟಾಫ್‌ರೂಮಲ್ಲಿ ದಿನಾ ಕೇಳ್ತಾರೆ, ಭಾಯಿಸಾಬ್ ಅಭೀ ಭೀ ಛುಟ್ಟೀ ಪರ್ ಹೈ? ಹೌದು, ಇನ್ನೂ ರಜೆಯಲ್ಲೇ ಇದ್ದಾರೆ ಅಂತೀನಿ. ತಮ್ಮನ ಗೃಹಪ್ರವೇಶಕ್ಕೆ ಹೋಗಲಿಲ್ಲ, ಒಬ್ಬಳೇ ಯಾಕೆ ಬಂದೆ ಅಂತ ಕೇಳ್ತಾರೆ ಅಂತ. ನಿಮಗೆ ಕೇಂದ್ರಸ್ಥಾನ ಬಿಟ್ಟು ಹೋಗಬೇಡ ಅಂತ ಬರೆದು ಕೊಟ್ಟಿದ್ದಾರೆ. ನಂಗೆ ಯಾರೂ ಬರೆದು ಕೊಟ್ಟಿಲ್ಲ, ಆದ್ರೂ ನಾನೂ ಇಲ್ಲೇ ಇದ್ದೀನಿ." ಅಂಗಳದ ಕಡೆ ಕೈ ತೋರಿಸಿದಳು. "ನಿಮಗೆ ಅದಾದ್ರೂ ಇದೆ."

ಅವನು ಅವಳ ಕೈಚೀಲ ಇಳಿಸಿಕೊಂಡ. ಆದರೆ ಕಾಗದ ಬರೆಯಲಿಲ್ಲ.

ಮಾರ್ಚ್ ಮೊದಲ ವಾರ ದೋಣಿ ಮುಗಿಯಿತು. ಹಿಂಬಾಗಿಲಿನಿಂದ ಅದು ಹೊರಗೆ ಬಾರದು ಎಂದು ಕಾಲೊನಿಯವರು ಆಡಿಕೊಳ್ಳುತ್ತಿದ್ದರಂತೆ. ಸಂಕಪ್ಪ ಕರೆತಂದ ನಾಲ್ವರು ಮಗ್ಗುಲಾಗಿಸಿ ಎತ್ತಿದರು, ಎರಡು ಬೆರಳಿನ ಸಂದು ಉಳಿಯಿತು. ಟೆಂಪೊ ಓಖ್ಲಾ ಕಡೆ ಹೊರಟಿತು. ಅಲ್ಲಿ ಅಣೆಕಟ್ಟಿನ ಮೇಲುಗಡೆ ಯಮುನೆ ಅಗಲವಾಗಿ ನಿಂತಿದೆ. ದಡದಲ್ಲಿ ಮೇವಿನ ಹುಲ್ಲು ಕೊಯ್ಯುವ ಅಂಬಿಗರಿದ್ದಾರೆ. ಬೋರ್ಡ್ ಪರೀಕ್ಷೆಗೆ ಓದಬೇಕೆಂದು ಪ್ರಜ್ಞಾ ಉಳಿದಳು. ಸ್ನೇಹಲತಾ ಬಂದಳು, ತಾನೇ ಹೊರಟು.

ನೀರು ಕಪ್ಪಗಿತ್ತು, ಮೂಗು ಮುಚ್ಚಿಕೊಳ್ಳುವಂಥ ನಾತ. ಆದರೆ ಗಾಳಿಯಿತ್ತು. ಕಿಶನ್ ಎಂಬ ಅಂಬಿಗ ಕಿತ್ತಳೆ ಹಾಯಿ ನೋಡಿ ಬೀಡಿ ಬಾಯಿಂದ ತೆಗೆದ. ದಡದಲ್ಲೇ ನಿಲ್ಲುತ್ತೇನೆಂದು ಬಂದಿದ್ದ ಸಂಕಪ್ಪ, ಬಸವರಾಜ ಚುಕ್ಕಾಣಿಯನ್ನು ಹಿಂದುಮುಂದಾಗಿ ಹಿಡಿದದ್ದು ಕಂಡು, "ಥೋ, ನಿಮ್ಮನ್ನು ಹೀಗೇ ಬಿಟ್ರೆ ಪಾಪ ಸುತ್ತಿಕೊಳ್ತದೆ" ಎಂದು ಪ್ಯಾಂಟು ಮಡಚಿ ಹತ್ತಿಬಿಟ್ಟ.

ದೋಣಿ ತೇಲಿತು. ಹಾಯಿ ಒಮ್ಮೆ ಪಟಪಟನೆ ಹೊಡೆದುಕೊಂಡು ಉಬ್ಬಿತು, ಅಡಿಯಲ್ಲಿ ನೀರು ಸರಿಯುವ ಸದ್ದು ಕೇಳಿಸಿತು. ಬಸವರಾಜ ದೋಣಿಯ ಅಂಚನ್ನು ಬಿಗಿಯಾಗಿ ಹಿಡಿದು ಹಾಯಿಯನ್ನೇ ನೋಡುತ್ತಿದ್ದ. ನಡುನೀರು ದಾಟಿದ್ದು ಅವನಿಗೆ ತಿಳಿಯಲಿಲ್ಲ. ಎದುರಿನ ದಡದಲ್ಲಿ ಎತ್ತರದ ಕಟ್ಟಡಗಳು ಕಂಡವು.

"ಅದೇನು?"

"ನೋಯ್ಡಾ. ಯುಪಿ ಅಲ್ಲವಾ ಅದು."

"ತಿರುಗಿಸಿ! ಸಂಕಪ್ಪ, ತಿರುಗಿಸಿ! ನಾನು ಅಲ್ಲಿಗೆ ಹೋಗೋ ಹಾಗಿಲ್ಲ."

"ಏನಾಯ್ತು ನಿಮಗೆ?"

"ಸಸ್ಪೆಂಡ್ ಆಗಿದ್ದೀನಿ ನಾನು. ದೆಹಲಿ ಬಿಟ್ಟು ಹೋಗೋ ಹಾಗಿಲ್ಲ. ಆರ್ಡರ್ ಇದೆ." ಹೊರಗಿನವರ ಮುಂದೆ ಆ ಮಾತನ್ನು ಅವನು ಆಡಿದ್ದು ಅದೇ ಮೊದಲು. ನಡುನೀರಿನಲ್ಲಿ ಕೂಗಿ ಹೇಳಿದ್ದ.

ಸಂಕಪ್ಪ ಅವನನ್ನೊಮ್ಮೆ ನೋಡಿದ. "ಆಯ್ತು. ಈಗ ಬಾಯಿ ಮುಚ್ಚಿ ಹಗ್ಗ ಹಿಡೀರಿ ಮಾರಾಯ್ರೆ" ಎಂದ.

ತಿರುಗಿಸುವುದರಲ್ಲಿ ಗಾಳಿ ಪಕ್ಕಕ್ಕೆ ತಳ್ಳಿ, ದೋಣಿ ಅಂತರಗಂಗೆಯ ಹಾಸಿನೊಳಗೆ ನುಗ್ಗಿ ನಿಂತಿತು. ಸುತ್ತ ಹಸಿರು ಎಲೆ, ಕೆಳಗೆ ಹಗ್ಗದಂಥ ಬೇರು. ಹುಟ್ಟು ಹಾಕಿದರೆ ಹುಟ್ಟಿಗೇ ಸುತ್ತಿಕೊಂಡಿತು. ಇಳಿಯೋಣವೆಂದರೆ ಎಷ್ಟು ಆಳವೋ. ಒಂದು ಗಂಟೆ, ಒಂದೂವರೆ ಗಂಟೆ. ಬಿಸಿಲು ನೆತ್ತಿಗೇರಿತು, ಸೊಳ್ಳೆ ಮುತ್ತಿದವು. ಸಂಕಪ್ಪ ಕೈಯಲ್ಲೇ ಬೇರು ಕೀಳುತ್ತ ಯಾರ್‍ಯಾರನ್ನೋ ತುಳುವಿನಲ್ಲಿ ಬೈಯುತ್ತಿದ್ದ.

ಬಸವರಾಜ ದೆಹಲಿಯ ದಡದ ಕಡೆ ನೋಡಿದ. ಸ್ನೇಹಲತಾ ಚುಕ್ಕೆಯಷ್ಟಾಗಿ ಕಾಣುತ್ತಿದ್ದಳು. ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ಅವನ ಬೂಟುಗಳು. ಕೂರಲು ಜಾಗವಿರಲಿಲ್ಲ. ಸ್ವಲ್ಪ ಮುಂದೆ ಬರುವಳು, ನೀರಿನ ಅಂಚಿಗೆ ಬಂದು ನಿಲ್ಲುವಳು, ಮತ್ತೆ ಹಿಂದೆ ಹೋಗುವಳು. ಅವಳು ಮನೆಗೆ ಹೋಗುವಂತಿರಲಿಲ್ಲ, ಇವನಿರುವಲ್ಲಿಗೆ ಬರುವಂತೆಯೂ ಇರಲಿಲ್ಲ. ನೋಡುತ್ತ ನೋಡುತ್ತ ಅವನಿಗೆ ತನ್ನ ಮೇಲೆ ಅಸಹ್ಯ ಬಂತು.

ಕೊನೆಗೆ ಕಿಶನ್ ತನ್ನ ದೋಣಿ ತಂದು, ಕುಡುಗೋಲಿನಿಂದ ಬೇರು ಕೊಯ್ದು, ಹಗ್ಗ ಕಟ್ಟಿ ಎಳೆದುಕೊಂಡು ಬಂದ. ದಡಕ್ಕೆ ಇಳಿದಾಗ ಸ್ನೇಹಲತಾ ಬೂಟುಗಳನ್ನು ಅವನ ಎದೆಗೆ ಎಸೆದು ಅಳಲು ಶುರುಮಾಡಿದಳು. ಟೆಂಪೊ ಆಗಲೇ ಹೊರಟುಹೋಗಿತ್ತು. ದೋಣಿಯನ್ನು ಕಿಶನ್‌ನ ಗುಡಿಸಲ ಹಿಂದೆ ಬಿಟ್ಟು ಆಟೊದಲ್ಲಿ ಮನೆಗೆ ಬಂದರು.

ಮರುದಿನ ಬಸವರಾಜ ಕಾಗದ ಬರೆದ. ಅನುಮೋದನೆಯಿಲ್ಲದೆ ಕಾಗದ ಕಳಿಸಿದ್ದು ತನ್ನ ತಪ್ಪು, ಒಪ್ಪಿಕೊಂಡಿದ್ದೇನೆ, ಕೊಡುವ ದಂಡನೆಗೆ ಸಿದ್ಧನಿದ್ದೇನೆ ಎಂದು. ನಡುವೆ ಒಂದು ಸಾಲು: "ಮೇಲಧಿಕಾರಿಗಳ ಮೌಖಿಕ ಸೂಚನೆಯನ್ನು ಬರಹದಲ್ಲಿ ಪಡೆಯದೆ ಪಾಲಿಸಿದೆ." ಅಶ್ವತ್ಥನಾರಾಯಣ ಫೋನ್ ಮಾಡಿದರು. "ಆ ಒಂದು ಸಾಲು ತೆಗೆದುಬಿಡ್ರೀ, ನಾಳೆಯೇ ಮುಗಿಯುತ್ತೆ."

"ಇಲ್ಲ ಸರ್. ಅದಿರಲಿ. ನಿಮ್ಮ ಹೆಸರು ಬ‍ರೆದಿಲ್ಲ."

ಸ್ನೇಹಲತಾ ಕಾಗದ ಓದಿದಳು. "ಇಷ್ಟಾದ್ರೂ ಕಳಿಸಿದ್ರಲ್ಲ" ಎಂದಳು. ಆ ಬೇಸಿಗೆಗೆ ಅವಳು ಒಬ್ಬಳೇ ತವರಿಗೆ ಹೋಗಿ ಒಂದು ತಿಂಗಳಿದ್ದು ಬಂದಳು. ಕೇಳಿದವರಿಗೆಲ್ಲ, ಗಂಡ ಸಸ್ಪೆಂಡ್ ಆಗಿದ್ದಾನೆ ಎಂದೇ ಹೇಳಿದಳಂತೆ.

ಎರಡು ತಿಂಗಳಲ್ಲಿ ಮುಗಿಯಬೇಕಾದದ್ದು ಹನ್ನೊಂದು ತಿಂಗಳು ಹಿಡಿಯಿತು. 2006ರ ಫೆಬ್ರವರಿಯಲ್ಲಿ ಆದೇಶ ಬಂತು: ಎರಡು ವಾರ್ಷಿಕ ವೇತನಬಡ್ತಿ ಕಡಿತ, ಮೌಖಿಕ ಸೂಚನೆಯ ಸಂಗತಿ ಸಾಬೀತಾಗಿಲ್ಲ, ಮರಳಿ ಸೇವೆಗೆ. ಅವನನ್ನು ಹಳೇ ಸೆಕ್ಷನ್ನಿಗೆ ಹಾಕದೆ ನೆಲಮಾಳಿಗೆಯ ದಾಖಲೆ ಕೋಣೆಗೆ ಹಾಕಿದರು. ಅಲ್ಲಿ ಕಿಟಕಿಯಿರಲಿಲ್ಲ. ಬೆಳಗ್ಗೆ ಎಂಟೂವರೆಯ ಚಾರ್ಟರ್ಡ್ ಬಸ್ಸಿನಲ್ಲಿ ಅವನಿಗೆ ಜಾಗ ಬಿಟ್ಟುಕೊಟ್ಟರು. ಇಷ್ಟು ದಿನ ಎಲ್ಲಿದ್ದಿರಿ ಎಂದು ಯಾರೂ ಕೇಳಲಿಲ್ಲ. ಮೊದಲ ರಜೆ ಹಾಕಿ ಹಿರಿಯೂರಿಗೆ ಹೋಗಿ ಅಕ್ಕನ ಸಮಾಧಿಗೆ ನೀರೆರೆದು ಬಂದ. ಅಶ್ವತ್ಥನಾರಾಯಣ ಮಾರ್ಚಿನಲ್ಲಿ ನಿವೃತ್ತರಾದರು. ಬೀಳ್ಕೊಡುಗೆಗೆ ಬಸವರಾಜ ಹೋಗಲಿಲ್ಲ.

ಏಪ್ರಿಲಿನ ಒಂದು ಭಾನುವಾರ ಓಖ್ಲಾಕ್ಕೆ ಹೋದ. ಕಿಶನ್ ಹಾಯಿಕಂಬ ಕಿತ್ತುಹಾಕಿ, ದೋಣಿಯಲ್ಲಿ ಮೇವಿನ ಹುಲ್ಲು ಒಟ್ಟುತ್ತಿದ್ದ. ಹಾಯಿ ಗುಡಿಸಲ ಮೇಲೆ ಹೊದಿಕೆಯಾಗಿತ್ತು. ಬಸವರಾಜನನ್ನು ಕಂಡು ಅವನು ಮುಜುಗರದಿಂದ ಎದ್ದು ನಿಂತ.

"ಸಾಬ್, ಬುರಾ ಮತ್ ಮಾನನಾ. ಸುಮ್ಮನೆ ಬಿದ್ದಿತ್ತಲ್ಲ ಅಂತ."

"ಇರಲಿ, ಇರಲಿ. ಹೇಗೆ ನಡೀತಿದೆ?"

"ನಡೆಯೋದು ಚೆನ್ನಾಗಿ ನಡೆಯುತ್ತೆ. ಭಾರವೂ ತಡೆಯುತ್ತೆ. ಹಿಂದೆ ಮೂಲೆಯಲ್ಲಿ ಮಾತ್ರ ನೀರು ಜಿನುಗುತ್ತೆ ಸಾಬ್, ದಿನಾ ಎತ್ತಿಹಾಕಬೇಕು."

"ಯಾವ ಮೂಲೆ?" ಎಂದು ಬಸವರಾಜ ಬೂಟು ಬಿಚ್ಚಿ, ಪ್ಯಾಂಟು ಮಡಚಿಕೊಂಡು, ಆ ಕಪ್ಪು ನೀರಿಗೆ ಇಳಿದು, ದೋಣಿಯ ಅಡಿಗೆ ಕೈಹಾಕಿ ಸಂದನ್ನು ತಡವತೊಡಗಿದ.